ಒಂದು ನಿಮಿಷ ಸುಮ್ಮನೆ

ವಿಶ್ವಜಿತನ ಹೆಸರು ಬಂದಾಗಲೆಲ್ಲ ಹುಡುಗಿ ಮಾತು ತಿರುಗಿಸುತ್ತಿದ್ದಳು. ಇದು ಮೂರನೆಯ ಸಲ.

"ನಿನ್ನೆ ಮಿಯಾಪುರಕ್ಕ ಹೋಗಿದ್ವಿ ಅಂದಿ. ಹೆಂಗದಾನವಾ ಅಂವ?" ಪ್ರಾಣೇಶ ಕೇಳಿದ.

"ಅಮಿತಾ ಮೇಡಂ ಹಳೇ ಫೋಟೋ ಎಲ್ಲಾ ಕೊಟ್ರು ಸರ್," ಎಂದಳು ಶ್ರೀವಿದ್ಯಾ, ಕ್ಯಾಮೆರಾದ ಗಾಜು ಒರೆಸುತ್ತ. "ಚಹಾ ಭಾಳ ಚಲೋ ಆಗೇತ್ರಿ. ಕೆಳಗ ಡ್ರೈವರಿಗೆ ಒಂದು ಕಪ್ ಒಯ್ಯಲೇನ್ರಿ? ಸಕ್ಕರಿ ಹಾಕಲಾರದ್ದು."

ಅಮಿತಾ ಎಂದರೆ ವಿಶ್ವಜಿತನ ಹೆಂಡತಿ. ಫೋಟೋ ಕೊಟ್ಟವಳು ಅವಳು, ಅವನಲ್ಲ. ಪ್ರಾಣೇಶ ಹೋಗಿ, ಸಕ್ಕರೆ ಹಾಕದೆ ಇನ್ನೊಂದು ಕಪ್ ಕಾಸಿಕೊಟ್ಟ.

ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರ ಮೇಲಿದ್ದ ಪ್ರಾಣೇಶನ ಒಂಟಿ ಕೋಣೆ ಅದು. ಹೆಂಡತಿ ತೀರಿದ ಮೇಲೆ ಆ ಹೊಸ್ತಿಲು ದಾಟಿ ಬಂದವನು ಗ್ಯಾಸಿನವನೊಬ್ಬನೇ. ಹೈದರಾಬಾದಿನ ಹಳೆಯ ರಾಕ್ ಬ್ಯಾಂಡುಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತೇವೆ, ನಿಮ್ಮನ್ನು ಮಾತಾಡಿಸಬೇಕು ಎಂದು ಫೋನು ಬಂದಾಗ ಪ್ರಾಣೇಶ ಎರಡು ದಿನ ಕೋಣೆ ಗುಡಿಸಿದ್ದ. ಬ್ಯಾಂಡಿನಲ್ಲಿ ತಾನು ಬಾರಿಸುತ್ತಿದ್ದ ಡ್ರಮ್ಮನ್ನು ಮಂಚದ ಕೆಳಗಿಂದ ಎಳೆದು ಧೂಳು ಒರೆಸಿದ್ದ. ಅದರ ತಳದ ಹೊದಿಕೆ ಹರಿದು ಎಷ್ಟೋ ವರ್ಷವಾಗಿತ್ತು.

ಸೌಂಡ್ ನೋಡಿಕೊಳ್ಳುವ ಶರಣಕುಮಾರ ಅದನ್ನು ಎತ್ತಿ ಸರಿಸುವಾಗ ಒಳಗೇನೋ ಗಡಗಡ ಎಂದಿತು.

"ಒಳಗೇನೋ ಬಿದ್ದೈತ್ರೀ ಸರ್."

"ಇರ್ಲಿ ಬಿಡಪಾ," ಎಂದ ಪ್ರಾಣೇಶ, ಸ್ವಲ್ಪ ಗಡಿಬಿಡಿಯಿಂದಲೇ.

ಶ್ರೀವಿದ್ಯಾ ಕೆಳಗೆ ಚಹಾ ಕೊಟ್ಟು ಬಂದಳು. ಕ್ಯಾಮೆರಾ ಶುರುವಾಯಿತು.

"ಎರಡು ಬ್ಯಾಂಡಿಗೂ ಅಷ್ಟ್ಯಾಕ್ರಿ ಹಗೆ?"

"ನಮ್ಮದು ಥರ್ಡ್ ಶಿಫ್ಟ್, ಅವರದು ಕಾಲಿ ಗಲ್ಲಿ. ಬಾರಿಸಾಕ ಇದ್ದದ್ದು ಸನತ್‌ನಗರದಾಗ ಬಂದ್ ಬಿದ್ದ ಕಾರ್ಖಾನಿ ಶೆಡ್ಡು ಒಂದ. ಒಂದ ಗ್ವಾದಲ್ಯಾಗ ಎರಡು ಹೋರಿ ಕಟ್ಟಿದಂಗ." ಪ್ರಾಣೇಶ ನಕ್ಕ. "ಅವರ ವಿಶ್ಯಾನ ದನಿ ಮಾತ್ರ ಖರೇನ ಚಲೋ. ಆದ್ರ ತಾಳ ಓಡಸ್ತಿದ್ದ. ಮೂರನೇ ಪೆಟ್ಟು ಮುಟ್ಟೂದ್ರಾಗ ನಾಲ್ಕನೇದಕ್ಕ ಹೋಗಿರ್ತಿದ್ದ. ಸಂಜೀಕ ಎತ್ತು ಮನಿ ದಾರಿ ಹಿಡಿದಂಗ."

ಕಿಟಕಿಯಾಚೆ, ಬೀದಿಯಲ್ಲಿ ನಿಂತ ವ್ಯಾನಿನಿಂದ ಡ್ರೈವರನ ಕೈ ಹೊರಗೆ ಚಾಚಿತ್ತು. ಬಾಗಿಲ ತಗಡಿನ ಮೇಲೆ ಬೆರಳು ಕುಣಿಸುತ್ತಿದ್ದ. ಇವನೂ ತಾಳ ಓಡಿಸುತ್ತಾನೆ, ಎಂದುಕೊಂಡ ಪ್ರಾಣೇಶ.

"ಬೊಂಬಾಯಿಂದ ಕ್ಯಾಸೆಟ್ ಕಂಪನಿಯವರು ಬಂದ ದಿನ, ವಿಶ್ವಜಿತ್ ಸರ್ ಹಾಡೂವಾಗ ಕರೆಂಟ್ ಹೋತಂತಲ್ರಿ?"

"ಹೋತು."

"ತಾನ ಹೋತೋ, ಯಾರರೆ ತಗದ್ರೋ?"

"ಹಳೇ ಶೆಡ್ಡು. ಹೋತು," ಎಂದ ಪ್ರಾಣೇಶ. ಕಣ್ಣು ಡ್ರಮ್ಮಿನ ಮೇಲಿತ್ತು.

ಕಂಪನಿಯವರು ಕತ್ತಲಲ್ಲಿ ಹತ್ತು ನಿಮಿಷ ಕಾದು ಎದ್ದುಹೋಗಿದ್ದರು. ವಿಶ್ವಜಿತ ಮತ್ತೆ ಹಾಡಲಿಲ್ಲ. ವರ್ಷದೊಳಗೆ ಥರ್ಡ್ ಶಿಫ್ಟ್ ಕೂಡ ಮುರಿಯಿತು. ಎದುರಿಗೆ ಅವನಿಲ್ಲದ ಮೇಲೆ ಯಾರ ಕಿವಿಗೆ ಬೀಳಲೆಂದು ಬಾರಿಸುವುದು? ಇಪ್ಪತ್ತೆಂಟು ವರ್ಷ ಇಬ್ಬರೂ ಒಂದೇ ಊರಲ್ಲಿದ್ದರು. ಮಿಯಾಪುರಕ್ಕೆ ಮೆಟ್ರೋ ಬಂದ ಮೇಲೆ ಪ್ರಾಣೇಶ ಎರಡು ಸಲ ಕೊನೆಯ ನಿಲ್ದಾಣದವರೆಗೆ ಹೋಗಿದ್ದ. ಎರಡು ಸಲವೂ ಮೆಟ್ಟಿಲಿಳಿಯದೆ ಅದೇ ರೈಲಿಗೆ ವಾಪಸು ಬಂದಿದ್ದ. ಆ ಒಂದು ಮಾತನ್ನು ಅವನ ಮುಖಕ್ಕೆ ಹೇಳದೆ ಸಾಯಬಾರದೆಂಬುದೊಂದೇ ಆತನಿಗೆ ಉಳಿದ ಆಸೆ.

"ಆತ್ರಿ ಸರ್. ಇನ್ನೊಂದ ಕೆಲಸ." ಶ್ರೀವಿದ್ಯಾ ಫ್ಯಾನು ಆರಿಸಿದಳು. ಫ್ರಿಜ್ಜಿನ ಪ್ಲಗ್ಗು ಕಿತ್ತಳು. ಶರಣಕುಮಾರ ಕಿಟಕಿ ಮುಚ್ಚಿದ. "ಎಲ್ಲಾರೂ ಒಂದು ನಿಮಿಷ ಸುಮ್ಮ ಇರೂಣ್ರಿ."

ಶರಣಕುಮಾರ ತಲೆ ತಗ್ಗಿಸಿ ಕಣ್ಣು ಮುಚ್ಚಿದ.

ಒಂದು ನಿಮಿಷ. ಮೂವತ್ತು ವರ್ಷದ ಸರ್ಕಾರಿ ನೌಕರಿಯಲ್ಲಿ ತೀರಿಕೊಂಡವರ ಹೆಸರಿನ ಇಂಥ ಎಷ್ಟು ನಿಮಿಷಗಳಿಗೆ ಪ್ರಾಣೇಶ ಮೇಜು ಬಿಟ್ಟು ಎದ್ದಿರಲಿಲ್ಲ! ಅದಕ್ಕೇ ಫೋಟೋ ಹೆಂಡತಿ ಕೊಟ್ಟದ್ದು. ಅದಕ್ಕೇ ಈ ಹುಡುಗಿ ಬಾಯಿ ಬಿಡದಿದ್ದದ್ದು.

ಆತ ಎದ್ದು ನಿಂತ. ಕುರ್ಚಿ ಕಿರ್ ಎಂದಿತು. ಶರಣಕುಮಾರ ಕಣ್ಣು ತೆರೆದು ಹುಬ್ಬು ಗಂಟಿಕ್ಕಿದ, ಆದರೆ ಏಳಲಿಲ್ಲ. ಶ್ರೀವಿದ್ಯಾಳೂ ಏಳಲಿಲ್ಲ. ಕೂತಲ್ಲಿಂದಲೇ ಎವೆಯಿಕ್ಕದೆ ಆತನನ್ನು ನೋಡುತ್ತಿದ್ದಳು. ಸತ್ತವರಿಗೆ ಎದ್ದು ನಿಲ್ಲುವಷ್ಟೂ ಕಲಿಸಿಲ್ಲವೇ ಇವರಿಗೆ?

ತನ್ನ ಉಸಿರೇ ತನಗೆ ಬೇರೆ ಯಾರದೋ ಎನಿಸಿತು. ಪ್ರಾಣೇಶ ಬಗ್ಗಿ, ಡ್ರಮ್ಮಿನೊಳಗೆ ಕೈಹಾಕಿ, ಬಿಳಿ ಪಿಂಗಾಣಿಯ ಫ್ಯೂಸೊಂದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ.

"ಕಿತ್ತಾಂವ ನಾನಲೇ ವಿಶ್ಯಾ," ಎಂದ. "ನೀ ಹಾಡಿದ್ದು ಅಷ್ಟು ಚಲೋ ಇತ್ತು. ಹೇಳಾಕಂತ ಎರಡು ಸಲ ಬಂದಿದ್ನೋ. ನೀನರ ಇಷ್ಟು ಲಗೂನ... ಅಲ್ಲೂ ಓಡಿಸಿದೇನಲೇ?"

ಶ್ರೀವಿದ್ಯಾ ಕೆನ್ನೆ ಒರೆಸಿಕೊಂಡು ಎದ್ದಳು.

"ಸರ್, ಇದು ಕೋಣಿ ಸದ್ದು ಹಿಡಿಯೂದ್ರಿ. ಮಾತಿನ ನಡುವ ಜೋಡಸಾಕ ಬೇಕಾಗ್ತೈತಿ, ಎಲ್ಲಾರ ಮನ್ಯಾಗೂ ಹಿಡೀತೀವಿ. ನಿನ್ನಿ ಮಿಯಾಪುರದಾಗೂ ಒಬ್ರು, ನೀವ ತೀರಿಹೋದ್ರಿ ಅಂತ ತಿಳದು, ಹಿಂಗ ಎದ್ದು ನಿಂತು ಅತ್ರು." ಆಕೆ ಕಿಟಕಿಯ ಕಡೆ ನಡೆದಳು. "ಅವರ ನಂಗ, 'ಪ್ರಾಣೇಶನ ಮನ್ಯಾಗೂ ಹಿಂಗ ಮಾಡು, ಏನೂ ಬಿಡಿಸಿ ಹೇಳಬ್ಯಾಡ, ಅಂವ ಎದ್ದರ ಕಿಡಕಿ ತಗಿ, ಇಲ್ಲಂದ್ರ ನಾ ಬಂದದ್ದು ಗೊತ್ತಾಗೂದ ಬ್ಯಾಡ' ಅಂದಾರ."

ಕಿಟಕಿ ತೆರೆಯಿತು. ಕೆಳಗೆ ವ್ಯಾನಿನ ಬಾಗಿಲು ಬಡಿದುಕೊಂಡ ಸದ್ದು. ಪ್ರಾಣೇಶ ಫ್ಯೂಸನ್ನು ಮತ್ತೆ ಡ್ರಮ್ಮಿನೊಳಗೆ ಹಾಕಲು ಹೋದ. ಕೈ ಅರ್ಧಕ್ಕೇ ನಿಂತಿತು. ಅದನ್ನು ಮೇಜಿನ ಮೇಲೆ, ಬಾಗಿಲಿಗೆ ಕಾಣುವಂತೆ ಇಟ್ಟ.

ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು: ಮೂರನೆಯದನ್ನು ಮುಟ್ಟುವುದರೊಳಗೆ ನಾಲ್ಕನೆಯದಕ್ಕೆ ಹೋಗಿರುವ ಹೆಜ್ಜೆಗಳು.