ಮಲಗಿ ನೋಡಿದ ಹಾಸಿಗೆ

ಕೀಲುನೋವಿನಿಂದ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದ ತಾಯಿಯನ್ನು ಮಗ ಹಾಸಿಗೆ ಅಂಗಡಿಗೆ ಕರೆತಂದ. ಆಕೆ ಚಪ್ಪಲಿ ಬಿಟ್ಟು, ಸಂಕೋಚದಿಂದ ಸೆರಗು ಹೊದ್ದು ಒಂದೊಂದರ ಮೇಲೂ ಮಲಗಿ ಎದ್ದಳು.

“ಇದು ತೀರಾ ಮೆತ್ತಗೆ, ಏಳೋಕೇ ಆಗಲ್ಲ ಕಣೋ.”

“ಹಾಗಾದ್ರೆ ಇದು ನೋಡಮ್ಮ. ಮಗ್ಗುಲಾಗು. ಸೊಂಟ ಹಿಡಿಯುತ್ತಾ?”

“ಇಲ್ಲ ಕಣೋ, ಹಾಯಾಗಿದೆ.” ಆಕೆಗೆ ಏಳಲು ಮನಸ್ಸಾಗಲಿಲ್ಲ. “ಆದ್ರೆ ಬೆಲೆ ಜಾಸ್ತಿಯೇನೋ. ಇಷ್ಟೆಲ್ಲ ಯಾಕೋ?”

“ಬೆಲೆ ನೋಡ್ಬೇಡ. ನೋವಿಗೆ ಆರಾಮಾದ್ರೆ ಸಾಕು.”

“ಅದೃಷ್ಟವಂತರು ಅಮ್ಮ ನೀವು. ನಮ್ಮಮ್ಮನ್ನ ನಾನೇ ಇಲ್ಲೀವರೆಗೆ ಅಂಗಡಿಗೆ ಕರ್ಕೊಂಡು ಬಂದಿಲ್ಲ,” ಎಂದು ಅಂಗಡಿಯವನು ನಕ್ಕ.

ಆಕೆಯ ಕಣ್ಣು ತುಂಬಿ ಬಂತು.

ಪಕ್ಕದಲ್ಲೇ ನಿಂತು ಮಗ ಹೆಂಡತಿಗೆ ಫೋನ್ ಮಾಡಿದ. “ಆರಿಸಿ ಆಯ್ತು ಕಣೇ. ಅಮ್ಮನಿಗೆ ಹಿಡಿಸಿದೆ ಅಂದ್ಮೇಲೆ ನಿಮ್ಮಮ್ಮನಿಗೂ ಹಿಡಿಸುತ್ತೆ, ಇಬ್ಬರದೂ ಒಂದೇ ನೋವಲ್ವಾ? ಸಂಜೆ ಅವರ ಮನೆಗೇ ಕಳಿಸ್ತಾರೆ.”