ಬೂದಿ ಮುಚ್ಚಿದ ಮಧ್ಯಾಹ್ನ

ಕರ್ಫ್ಯೂ ಎಂಬ ಇಂಗ್ಲಿಷ್ ಪದದ ಮೂಲ ಅರ್ಥ 'ಬೆಂಕಿ ಮುಚ್ಚು' ಎಂದು ನಿಘಂಟಿನಲ್ಲಿ ಓದುತ್ತಿದ್ದೇನೆ. ಮೂಗಿಗೆ ಬಿಸಿ ಬೂದಿಯ ವಾಸನೆ ಬರುತ್ತಿದೆ.

ನಾನಿನ್ನೂ ಚಿಕ್ಕವನಿದ್ದಾಗ, 1948ರಲ್ಲಿ, ನಿಜಾಮನ ರಾಜ್ಯದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ದಿನಗಳು. ನಮ್ಮೂರು ಚಿಂತಾಕಿಯ ಅರ್ಧ ಜನ ಊರು ಬಿಟ್ಟಿದ್ದರು. ಆ ಮಧ್ಯಾಹ್ನ ಕುದುರೆಯೇರಿ ಬಂದ ಲೂಟಿಗಾರರು ಹೊಗೆ ಕಂಡರೆ ಒಳಗೆ ಜನ, ಒಡವೆ ಉಂಟೆಂದು ಆ ಮನೆಗಳನ್ನೇ ಒಡೆಯುತ್ತಿದ್ದರು. ಅವ್ವ ಒಲೆಗೆ ಸುರಿಯಲು ನೀರಿನ ತಂಬಿಗೆ ಎತ್ತಿದಳು.

ಅಪ್ಪನ ತಾಯಿ, ನಮ್ಮ ಆಯಿ, ಅವಳ ಕೈ ಹಿಡಿದಳು. "ನೀರ್ ಹಾಕಿದ್ರ ಹೊಗಿ ಇನ್ನೂ ಏಳ್ತದ, ಹುಚ್ಚಿ. ದಿನಾ ರಾತ್ರಿ ಮುಚ್ಚೂವಂಗ ಬೂದಿ ಮುಚ್ಚು."

ಅವ್ವ ತಂಬಿಗೆ ಕೆಳಗಿಟ್ಟಳು.

ಆಯಿಯೇ ಬರಿಗೈಯಲ್ಲಿ ಮೆತ್ತನೆಯ ಬೂದಿಯನ್ನು ಕೆಂಡದ ಮೇಲೆ ಎಳೆದಳು. ಹೊಗೆ ನಿಂತಿತು. ಗೊರಸಿನ ಸದ್ದು ನಮ್ಮ ಬಾಗಿಲು ದಾಟಿತು. ನನ್ನ ಕಿವಿಯಲ್ಲಿ ಇನ್ನೂ ದಾಟುತ್ತಲೇ ಇದೆ.

ಆಮೇಲೆ ನೆರೆಮನೆಯ ಗಂಗವ್ವ ಗೋಡೆಯಾಚೆಯಿಂದ ಕೂಗಿದಳು: "ಹೋದ್ರು ಬಿಡ್ರಿ, ಆಯಿ! ನಮ್ಮ ಒಲಿ ಆರ್ಯದ, ಒಂದ್ ಕೆಂಡ ಕೊಡ್ರಿ, ಹೊಟ್ಟಿ ಹಸದದ."

"ಜೀವ ಉಳೀತು ಅನ್ನೂದ್ರಾಗ ಹಸಿವಿ ಬಂತೇನ ನಿನಗ?" ಎಂದಳು ಆಯಿ.

ಅವ್ವ ನಗುತ್ತಲೇ ಬಾಗಿಲ ಚಿಲಕ ತೆಗೆದಳು.