ತೇಜಸ್ವಿನಿಯ ಟಿ.ಸಿ.

"ಸಾರ್, ಟಿ.ಸಿ. ಅರ್ಜಿಗೆ ನಿಮ್ದೊಂದು ಸೈನ್ ಬೇಕು," ಎಂದು ತೇಜಸ್ವಿನಿ ಹಾಳೆ ಮುಂದಿಟ್ಟಾಗ, ಪೆನ್ನಿನ ಕ್ಯಾಪು ತೆಗೆದಿದ್ದ ಉದಯಕುಮಾರ್ ಮೇಷ್ಟ್ರು ಅದನ್ನು ಮತ್ತೆ ಹಾಕಿಬಿಟ್ಟರು. ಹುಡುಗಿಗೆ ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿತ್ತು. ಆದರೆ ಕುಣಿಗಲ್ಲಿನ ಆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವವರೇ ಕಡಿಮೆ. ಇನ್ನೊಬ್ಬರು ಬಿಟ್ಟರೂ ತರಗತಿ ಮುಚ್ಚುವುದೇ ಸೈ ಎಂದು ಪ್ರಿನ್ಸಿಪಾಲರು ಬೆಳಿಗ್ಗೆಯಷ್ಟೇ ಹೇಳಿದ್ದರು. ಮುಚ್ಚಿದರೆ ಅತಿಥಿ ಉಪನ್ಯಾಸಕರಾದ ಮೇಷ್ಟ್ರ ಕೆಲಸಕ್ಕೂ ಮಂಗಳ ಹಾಡಿದಂತೆಯೇ.

"ಅಲ್ಲಮ್ಮ, ಇಷ್ಟು ಚೆನ್ನಾಗಿ ಓದೋಳು ಹೋಗಿ ಕ್ಯಾಶ್ ಕೌಂಟರಲ್ಲಿ ಕೂತ್ಕೋತೀಯಾ? ಎಂ.ಎ. ಮುಗಿಸು, ನೆಟ್ ಪರೀಕ್ಷೆ ಬರಿ. ಲೆಕ್ಚರರ್ ಆಗ್ಬಹುದು," ಎಂದುಬಿಟ್ಟರು.

ಗುಬ್ಬಿ ಊರಿನ ಹುಡುಗಿಯ ಮುಖ ಅರಳಿತು. "ನಿಮ್ ಥರಾನಾ ಸಾರ್? ನಂಗೂ ಅದೇ ಆಸೆ. ನಮ್ಮವ್ವನೇ, 'ಸುಮ್ನೆ ಬ್ಯಾಂಕಿಗೆ ಸೇರ್ಕೊಳೇ, ಬೇಕಾದ್ರೆ ನಿಮ್ ಮೇಷ್ಟ್ರುನ್ನೇ ಕೇಳು' ಅಂತ ಬೈತಾವ್ಳೆ. ನೀವು 'ಇರು' ಅನ್ನಿ ಸಾರ್, ಇದನ್ನ ಈಗ್ಲೇ ಹರ್ದಾಕ್ತೀನಿ."

ಇರು ಎನ್ನುವುದೇನು ದೊಡ್ಡ ಮಾತೇ, ಎರಡಕ್ಷರ. ಮೇಷ್ಟ್ರ ಬಾಯಿಗೆ ಬಂದೇಬಿಟ್ಟಿತ್ತು. ರಜೆಯಲ್ಲಿ ಸಂಬಳವಿಲ್ಲದೆ ತಾವು ಬಟವಾಡಿ ಬಡಾವಣೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುವುದು ಈ ಹುಡುಗಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವಳು ಅವರನ್ನು ಅಷ್ಟು ನಂಬಿ ನೋಡುತ್ತಿದ್ದಳು. ತಡಮಾಡಿದರೆ ಕೈ ನಿಂತುಬಿಡುತ್ತದೇನೋ ಎಂಬಂತೆ ಅವರು ಸರಸರನೆ ಸಹಿ ಹಾಕಿದರು.

"ಅವ್ವನ ಮಾತು ಕೇಳಮ್ಮ. ಸೋಮವಾರವೇ ಹೋಗಿ ಸೇರ್ಕೋ."

ತೇಜಸ್ವಿನಿ ಕಾಲಿಗೆರಗಲು ಬಗ್ಗಿದಳು. ಮೇಷ್ಟ್ರು ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.